ಎಂಡಿಯ ಕಿವಿಗೆ ಮಾತು ಮುಟ್ಟಿಸುವ ಕೆಲಸ

ನಮ್ಮ ಸಮುದಾಯದ ಮಕ್ಕಳು ಈಗ ಬಿಕಾಂ, ಇಂಜಿನಿಯರಿಂಗ್, ಗಲ್ಫ್ ಈ ಮೂರೇ ದಾರಿ ಎಂದು ಕೂತಿಲ್ಲ. ಮಂಗಳೂರಿನ ಕಾಲೇಜುಗಳಲ್ಲಿ ಪತ್ರಿಕೋದ್ಯಮ, ಸಮೂಹ ಸಂವಹನ ಓದಿದ ಹುಡುಗ ಹುಡುಗಿಯರು ಬೆಂಗಳೂರು, ಹೊಸೂರು ಕಡೆಯ ಕಂಪನಿಗಳಲ್ಲಿ ಕಾರ್ಪೊರೇಟ್ ಕಮ್ಯುನಿಕೇಶನ್ಸ್ ಎಂಬ ವಿಭಾಗಕ್ಕೆ ಸೇರುತ್ತಿದ್ದಾರೆ. ಮನೆಯಲ್ಲಿ ಆ ಕೆಲಸ ಏನೆಂದು ವಿವರಿಸುವುದೇ ಅವರಿಗೊಂದು ಪರೀಕ್ಷೆ. "ಪೇಪರಿನ ಕೆಲಸವಾ?" ಅಂದರೆ ಅಲ್ಲ. "ಜಾಹೀರಾತಾ?" ಅಂದರೆ ಅದೂ ಅಲ್ಲ. ಕಂಪನಿ ಹೊರಗಿನವರೊಂದಿಗೆ ಮತ್ತು ತನ್ನದೇ ಕಾರ್ಮಿಕರೊಂದಿಗೆ ಆಡುವ ಮಾತನ್ನು ನೋಡಿಕೊಳ್ಳುವ ಕೆಲಸ ಎಂದರೆ ಉಮ್ಮನಿಗೆ ಅರ್ಧ ಅರ್ಥವಾಗುತ್ತದೆ.

ಇಂಥ ಮಕ್ಕಳಲ್ಲಿ ಕೆಲವರ ಪರಿಚಯ ನನಗಿದೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾದವನು. ಹೊಸೂರಿನ ಸಿಪ್ಕಾಟ್‌ನಲ್ಲಿ ಮೆಷಿನ್ ಶಾಪಿನಲ್ಲಿ ದುಡಿಯುವವನು. ಅವರ ದೂರು ಮಾತ್ರ ನನಗೆ ಚೆನ್ನಾಗಿ ಗೊತ್ತು. "ನಾವು ಬರೆದುಕೊಟ್ಟ ಭಾಷಣವನ್ನು ಎಂಡಿ ಓದುತ್ತಾರೆ. ಆದರೆ ಏನು ಮಾಡಬೇಕು ಎಂದು ನಿರ್ಧಾರವಾಗುವ ಕೋಣೆಗೆ ನಮ್ಮನ್ನು ಕರೆಯುವುದಿಲ್ಲ. ಎಲ್ಲ ಮುಗಿದ ಮೇಲೆ 'ಇದನ್ನು ಚಂದ ಮಾಡಿ ಬರೆದುಕೊಡು' ಅನ್ನುತ್ತಾರೆ." ಆ ಕೋಣೆಯೊಳಗೆ ಕುರ್ಚಿ ಸಿಗುವುದು ಹೇಗೆ? ಈ ಬರಹ ಆ ಪ್ರಶ್ನೆಯ ಬಗ್ಗೆ. ಮಾತಿನ ಕಸುಬಿನವರ ಪ್ರಶ್ನೆಗೆ ಲೇತ್ ಮೆಷಿನಿನವನು ಯಾಕೆ ಉತ್ತರ ಕೊಡಬೇಕು ಅಂದರೆ, ನಮ್ಮ ಕಾರ್ಖಾನೆಗಳಲ್ಲಿ ಇನ್ನೊಂದು ವಿಭಾಗ ಇದೇ ಸ್ಥಿತಿಯಲ್ಲಿತ್ತು. ಅದು ಅಲ್ಲಿಂದ ಎದ್ದು ಬಂದ ದಾರಿ ಹೊಸೂರಿನವರಿಗೆ ಗೊತ್ತು.

ಆ ವಿಭಾಗ ಕ್ವಾಲಿಟಿ. ಒಂದು ಕಾಲದಲ್ಲಿ ಕ್ವಾಲಿಟಿಯವನೆಂದರೆ ಲೈನಿನ ಕೊನೆಯಲ್ಲಿ ಗೇಜ್ ಹಿಡಿದು ನಿಂತವನು. ಪ್ರೊಡಕ್ಷನ್‌ನವರು ಮಾಡಿ ಹಾಕಿದ್ದನ್ನು ಅವನು ಅಳೆಯಬೇಕು, ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟದಿದ್ದರೆ ಕಣ್ಣು ಮುಚ್ಚಿ ಪಾಸ್ ಮಾಡಬೇಕು. ಮೀಟಿಂಗಿನಲ್ಲಿ ಅವನ ಮಾತಿಗೆ ಬೆಲೆ ಇರಲಿಲ್ಲ. ಅದು ಬದಲಾದದ್ದು ನಮ್ಮ ಕಣ್ಣೆದುರಿನ ಕಂಪನಿಗಳಲ್ಲೇ. ಟಿವಿಎಸ್ ಬಳಗದ ಸುಂದರಂ ಕ್ಲೇಟನ್‌ನ ಬ್ರೇಕ್ ವಿಭಾಗಕ್ಕೆ 1998ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂತು. 2002ರಲ್ಲಿ ಅದೇ ಪ್ರಶಸ್ತಿ ಹೊಸೂರಿನ ಟಿವಿಎಸ್ ಮೋಟಾರ್‌ಗೆ ಬಂತು. ಆ ಬಗೆಯ ವ್ಯವಸ್ಥೆ ಇರುವ ಕಡೆ ದೋಷ ಕಂಡವನು ಲೈನ್ ನಿಲ್ಲಿಸಬಹುದು. ಅವನು ಮಾಮೂಲಿ ಆಪರೇಟರ್ ಆಗಿದ್ದರೂ ಸರಿ.

ಕ್ವಾಲಿಟಿಯವರು ಇದನ್ನು ಪಡೆದದ್ದು ಎಂಡಿಯನ್ನು ಒಲಿಸಿಕೊಂಡು ಅಲ್ಲ. ಒಂದು ರಿಜೆಕ್ಟ್ ಪೀಸ್ ಲೈನಿನಲ್ಲೇ ಸಿಕ್ಕರೆ ಎಷ್ಟು ನಷ್ಟ, ಡಿಸ್ಪ್ಯಾಚ್ ಆದ ಮೇಲೆ ಸಿಕ್ಕರೆ ಎಷ್ಟು, ಗಿರಾಕಿಯ ಗಾಡಿಯಲ್ಲಿ ಮುರಿದರೆ ಎಷ್ಟು ಎಂದು ಲೆಕ್ಕ ಹಾಕಿ ಮುಂದಿಟ್ಟರು. ದೋಷ ಹೊರಗೆ ಹೋಗುವ ಮೊದಲೇ ಹೇಳುವ ಪದ್ಧತಿ ಕಟ್ಟಿದರು. ಹತ್ತು ಸಲ ಅವರ ಮಾತು ನಿಜವಾದ ಮೇಲೆ ಹನ್ನೊಂದನೆಯ ಸಲ ಮೇಲಿನವರೇ ಅವರನ್ನು ಕರೆದು ಕೇಳತೊಡಗಿದರು. ಕಮ್ಯುನಿಕೇಶನ್ಸ್‌ನವರಿಗೂ ಇದೇ ದಾರಿ ಎಂಬುದು ನನ್ನ ವಾದ.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯ ಅಧ್ಯಕ್ಷ ವಾಲ್ಟರ್ ಗಿಫರ್ಡ್ 1927ರಲ್ಲಿ ಆರ್ಥರ್ ಪೇಜ್ ಎಂಬ ಪತ್ರಿಕಾ ಸಂಪಾದಕನನ್ನು ಕೆಲಸಕ್ಕೆ ಕರೆದ. ಬರೀ ಪ್ರಚಾರ ಬರೆಯುವ ಕೆಲಸವಾದರೆ ತನಗೆ ಬೇಡ, ಕಂಪನಿಯ ನೀತಿ ರೂಪಿಸುವಲ್ಲಿ ತನ್ನ ಮಾತು ನಡೆಯಬೇಕು ಎಂಬುದು ಪೇಜ್‌ನ ಷರತ್ತು. ಉಪಾಧ್ಯಕ್ಷನಾಗಿಯೇ ಸೇರಿದ ಅವನು 1946ರವರೆಗೆ ಅಲ್ಲಿದ್ದ. ಜನರ ಅಭಿಪ್ರಾಯ ಹುಟ್ಟುವುದು ಕಂಪನಿ ನಡೆದುಕೊಳ್ಳುವ ರೀತಿಯಿಂದ, ಮಾತಿನ ಪಾಲು ಅದರಲ್ಲಿ ಸಣ್ಣದು ಎಂಬುದು ಅವನ ನಿಲುವು. ಹಾಗಾದರೆ ಮಾತಿನ ಉಸ್ತುವಾರಿ ನೋಡುವವನು ನಡತೆ ತೀರ್ಮಾನವಾಗುವ ಜಾಗದಲ್ಲಿ ಇರಲೇಬೇಕು. ಸುಮಾರು ನೂರು ವರ್ಷದ ಹಿಂದಿನ ಈ ಸರಳ ತರ್ಕ ನಮ್ಮ ಎಷ್ಟೋ ಕಂಪನಿಗಳಿಗೆ ಇನ್ನೂ ಮುಟ್ಟಿಲ್ಲ.

ಮುಟ್ಟದಿದ್ದರೆ ಏನಾಗುತ್ತದೆ? ಹೊಸೂರಿನಿಂದ ಮಾಲೂರು ದಾರಿಯಲ್ಲಿ ಹೋದರೆ ನರಸಾಪುರ ಬಹಳ ದೂರವಿಲ್ಲ. ಅಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಶನಿವಾರ ಬೆಳಿಗ್ಗೆ ಆದದ್ದು ನೆನಪಿರಬಹುದು. ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರ ಸಿಟ್ಟು ಒಡೆದು ಗಾಜು, ಗಾಡಿ, ಯಂತ್ರ ಎಲ್ಲ ಪುಡಿಯಾದವು. ಕಾರ್ಮಿಕರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಸಂಬಳ ಸರಿಯಾಗಿ ಬರುತ್ತಿಲ್ಲ, ಹಾಜರಾತಿ ಸರಿಯಾಗಿ ದಾಖಲಾಗುತ್ತಿಲ್ಲ, ಪಾಳಿ 12 ಗಂಟೆಗೆ ಏರಿದೆ ಎಂಬುದು ಅವರ ಗೋಳು. ಆಮೇಲೆ ಕರ್ನಾಟಕದ ಕಾರ್ಖಾನೆಗಳ ಇಲಾಖೆ ಪರಿಶೀಲಿಸಿದಾಗ ಕಂಡದ್ದೇನೆಂದರೆ, 5,000 ಇದ್ದ ಕಾರ್ಮಿಕರ ಸಂಖ್ಯೆ ಅಲ್ಪ ಕಾಲದಲ್ಲಿ 10,500ಕ್ಕೆ ಏರಿತ್ತು. ಅದಕ್ಕೆ ತಕ್ಕ, ಕಾರ್ಮಿಕ ಕಾನೂನು ಬಲ್ಲ ಎಚ್‌ಆರ್ ವ್ಯವಸ್ಥೆ ಇರಲಿಲ್ಲ.

ಸಂಬಳದ ದೂರು ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಪಿಜಿ ಕೋಣೆಗಳಲ್ಲಿ ಅದು ಎಷ್ಟೋ ದಿನದಿಂದ ಇದ್ದ ಮಾತು. ಸಾವಿರಾರು ಜನರಿಗೆ ಗೊತ್ತಿದ್ದ ಸಂಗತಿ ನಿರ್ಧಾರ ಮಾಡುವವರ ಮೇಜಿಗೆ ತಕ್ಕ ತೂಕದಲ್ಲಿ ಮುಟ್ಟಲಿಲ್ಲ. ಮುಂದೆ ಏನಾಯಿತು? ಪೊಲೀಸ್ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ ಎಂದು ಬಂತು. ಕೆಲವೇ ದಿನಗಳಲ್ಲಿ ತೈವಾನಿನ ಷೇರು ಪೇಟೆಗೆ ಕಂಪನಿ ಹೇಳಿದ ಅಂದಾಜು ನಮ್ಮ ಲೆಕ್ಕದಲ್ಲಿ 26ರಿಂದ 52 ಕೋಟಿ. ಎರಡು ಬಾಯಿಂದ ಎರಡು ಲೆಕ್ಕ ಬಂದರೆ ಯಾರು ನಂಬುತ್ತಾರೆ? ಡಿಸೆಂಬರ್ 19ಕ್ಕೆ ಆ್ಯಪಲ್ ಕಂಪನಿ ವಿಸ್ಟ್ರಾನನ್ನು ಪ್ರೊಬೇಶನ್‌ನಲ್ಲಿಟ್ಟಿತು. ಕೆಲವರಿಗೆ ಸಂಬಳ ಸರಿಯಾಗಿ ಸಿಕ್ಕಿರಲಿಲ್ಲ ಎಂದು ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿತು, ಇಲ್ಲಿನ ಉಪಾಧ್ಯಕ್ಷನನ್ನು ತೆಗೆಯಿತು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಕೊಂಡಿತು. ಆವತ್ತು ಕಲ್ಲು ಎಸೆದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಕಲ್ಲು ಎತ್ತುವ ಮೊದಲು ಆಡಿದ ಮಾತು ಎಲ್ಲಿ ಸಿಕ್ಕಿಹಾಕಿಕೊಂಡಿತು ಎಂದು ಕೇಳುತ್ತಿದ್ದೇನೆ.

ಇಲ್ಲಿಗೆ ಕಮ್ಯುನಿಕೇಶನ್ಸ್ ವಿಭಾಗದ ನಿಜವಾದ ಬಂಡವಾಳ ಏನೆಂದು ಗೊತ್ತಾಗಬೇಕು. ಎಂಡಿಗೆ ಹಣದ ಲೆಕ್ಕ ಕೊಡಲು ಫೈನಾನ್ಸ್ ಇದೆ, ಕಾನೂನು ಹೇಳಲು ವಕೀಲರಿದ್ದಾರೆ, ಯಂತ್ರದ ಬಗ್ಗೆ ಹೇಳಲು ನಮ್ಮಂಥವರು ಇದ್ದೇವೆ. ಕೆಳಗಿನವರು ಮತ್ತು ಹೊರಗಿನವರು ಏನು ಅಂದುಕೊಂಡಿದ್ದಾರೆ, ಇವತ್ತಿನ ತೀರ್ಮಾನವನ್ನು ನಾಳೆ ಹೇಗೆ ತೆಗೆದುಕೊಳ್ಳುತ್ತಾರೆ ಎಂದು ಮುಖ ನೋಡಿ ಹೇಳುವವರು ಮಾತ್ರ ಅವನ ಸುತ್ತ ಇರುವುದಿಲ್ಲ. ಮೇಲೆ ಹೋದಷ್ಟೂ ಸಿಹಿ ಸುದ್ದಿ ಜಾಸ್ತಿ, ಕಹಿ ಸುದ್ದಿ ಕಡಿಮೆ. ಒಬ್ಬೊಬ್ಬ ಮ್ಯಾನೇಜರೂ ತನ್ನ ಮಟ್ಟದಲ್ಲಿ ಸ್ವಲ್ಪ ಸಕ್ಕರೆ ಬೆರೆಸಿ ಮೇಲಕ್ಕೆ ಕಳಿಸುತ್ತಾನೆ. ಆ ಖಾಲಿ ಜಾಗವನ್ನು ತುಂಬಿದವನಿಗೆ ಕುರ್ಚಿ ಸಿಗುತ್ತದೆ.

ಇದನ್ನು ನನ್ನ ತಂದೆಯ ಅಂಗಡಿಯಲ್ಲಿ ನೋಡಿ ಬೆಳೆದಿದ್ದೇನೆ. ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬರ್ಥದ ತುಳುವಿನ 'ಬ್ಯಾರ'ದಿಂದ ಬಂತು ಅಂತಾರೆ. ಹಾಗಾಗಿ ಅಂಗಡಿಯ ಉದಾಹರಣೆ ನಿಮಗೆ ಬೇಗ ಹಿಡಿಸುತ್ತದೆ. ನಮ್ಮ ದಿನಸಿ ಅಂಗಡಿಗೆ ವಾರಕ್ಕೆ ಏಳೆಂಟು ಲೈನ್ ಸೇಲ್ಸ್‌ಮನ್‌ಗಳು ಬರುತ್ತಿದ್ದರು. ಎಲ್ಲರೂ ತಂದೆಯನ್ನು ಹೊಗಳುವವರೇ. ಅವರಲ್ಲಿ ಒಬ್ಬ ಮಾತ್ರ, "ಈ ಬಿಸ್ಕೆಟ್ ಈ ತಿಂಗಳು ಓಡುತ್ತಿಲ್ಲ, ಎರಡೇ ಬಾಕ್ಸ್ ಸಾಕು" ಎಂದು ತನ್ನ ಆರ್ಡರನ್ನು ತಾನೇ ಕಡಿಮೆ ಮಾಡುತ್ತಿದ್ದ. ಅವನು ಹೊಸ ಮಾಲು ತಂದ ದಿನ ತಂದೆ ಕೇಳದೆ ಹತ್ತು ಬಾಕ್ಸ್ ಇಳಿಸಿಕೊಳ್ಳುತ್ತಿದ್ದರು. ಉಳಿದವರಿಗೆ ಚಹಾ ಸಿಗುತ್ತಿತ್ತು, ಇವನಿಗೆ ಆರ್ಡರ್ ಸಿಗುತ್ತಿತ್ತು. ಕಾರ್ಪೊರೇಟ್ ಆಫೀಸಿನಲ್ಲಿ ಎಂಡಿ ಜೊತೆ ಸೆಲ್ಫಿ ಇರುವವರು ಬೇರೆ, ಎಂಡಿ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಕೇಳುವವರು ಬೇರೆ.

ಹಾಗಾದರೆ ಮಾಡಬೇಕಾದ್ದೇನು? ನಾನು ಹಿಂದೆ ಇದ್ದ ಒಂದು ಕಾರ್ಖಾನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಪಾಳಿಯ ಸಮಯ ಬದಲಾಯಿಸಿ ಇಂಗ್ಲಿಷಿನಲ್ಲಿ ಒಂದು ನೋಟಿಸ್ ಅಂಟಿಸಿದರು. ಹೊಸೂರಿನ ಶಾಪ್ ಫ್ಲೋರ್ ನಿಮಗೆ ಗೊತ್ತಲ್ಲ. ಒಂದೇ ಲೈನಿನಲ್ಲಿ ತಮಿಳು, ತೆಲುಗು, ಕನ್ನಡ, ಒಡಿಶಾ ಬಿಹಾರ ಕಡೆಯವರ ಹಿಂದಿ. ಒಬ್ಬೊಬ್ಬರಿಗೆ ಒಂದೊಂದು ಅರ್ಥವಾಯಿತು. ಓವರ್‌ಟೈಮ್ ನಿಂತುಹೋಯಿತು ಎಂದು ಒಂದು ಗುಂಪು, ಬಸ್ ತೆಗೆದರು ಎಂದು ಇನ್ನೊಂದು ಗುಂಪು. ಕಮ್ಯುನಿಕೇಶನ್ಸ್‌ನ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದು ಎರಡನೇ ಪಾಳಿಯ ಕ್ಯಾಂಟೀನಿಗೆ ಬಂದಳು. ಎರಡು ದಿನ ಕೂತು ಕೇಳಿಸಿಕೊಂಡಳು. ಮೇಲಕ್ಕೆ ಹೋಗಿ "ಕಾರ್ಮಿಕರ ಮನೋಬಲ ಕುಗ್ಗಿದೆ" ಎಂದು ಬರೆಯಲಿಲ್ಲ. ಹೊಸ ಸಮಯಕ್ಕೆ ಡೆಂಕಣಿಕೋಟೆ ಕಡೆಯ ಬಸ್ ಹೊಂದುವುದಿಲ್ಲ, ಆ ಬಸ್ಸಿನಲ್ಲಿ ಬರುವವರು ಯಾವ ಲೈನಿನವರು, ಅವರು ತಡವಾದರೆ ದಿನಕ್ಕೆ ಎಷ್ಟು ಪೀಸ್ ಕಡಿಮೆ ಎಂದು ಒಂದು ಪುಟದಲ್ಲಿ ಬರೆದು ಪ್ಲಾಂಟ್ ಹೆಡ್‌ಗೆ ಕೊಟ್ಟಳು. ಕೆಳಗೆ ಎರಡು ಪರಿಹಾರ ಬರೆದಿದ್ದಳು. ಒಂದನ್ನು ಮರುವಾರವೇ ಜಾರಿ ಮಾಡಿದರು. ಆಮೇಲೆ ನೋಟಿಸ್ ಅಂಟಿಸುವ ಮೊದಲು ಅವಳನ್ನು ಕೇಳುವುದು ರೂಢಿಯಾಯಿತು.

ಅವಳು ಮಾಡಿದ್ದರಲ್ಲಿ ನಾಲ್ಕು ಸಂಗತಿ ಇದೆ. ಮೊದಲನೆಯದು, ತಾನೇ ಕೆಳಗೆ ಇಳಿದು ನೋಡಿದಳು. ಎರಡನೆಯದು, ಕೇಳುವವನ ಲೆಕ್ಕದ ಭಾಷೆಯಲ್ಲಿ ಹೇಳಿದಳು. ಪ್ಲಾಂಟ್ ಹೆಡ್‌ಗೆ ಪೀಸ್ ಲೆಕ್ಕ, ಫೈನಾನ್ಸ್‌ನವನಿಗೆ ರೂಪಾಯಿ ಲೆಕ್ಕ. "ಇಮೇಜ್" ಎಂಬ ಪದ ಇಬ್ಬರಿಗೂ ಅರ್ಥವಾಗದು. ಮೂರನೆಯದು, ಬೇಡ ಅನ್ನುವಾಗ ಕೈಯಲ್ಲಿ ಪರಿಹಾರ ಇಟ್ಟುಕೊಂಡಿದ್ದಳು. ನಾಲ್ಕನೆಯದು, ಕ್ಯಾಂಟೀನಿನಲ್ಲಿ ಯಾರು ಏನಂದರು ಎಂದು ಹೆಸರು ಹೇಳಲಿಲ್ಲ. ಸುದ್ದಿ ಮುಟ್ಟಿಸುವುದಕ್ಕೂ ಚಾಡಿ ಹೇಳುವುದಕ್ಕೂ ಇರುವ ಗೆರೆ ಅದು. ಒಮ್ಮೆ ಹೆಸರು ಹೇಳಿದರೆ ಮರುದಿನದಿಂದ ಕ್ಯಾಂಟೀನಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಬಂಡವಾಳವೇ ಹೋಯಿತು.

ಇದರ ಜೊತೆಗೆ ಈ ಕಸುಬಿನವರು ಬಿಡಬೇಕಾದ ಒಂದು ಚಟವಿದೆ. ಪತ್ರಿಕೆಯಲ್ಲಿ ಎಷ್ಟು ಸೆಂಟಿಮೀಟರ್ ಸುದ್ದಿ ಬಂತು, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ಲಕ್ಷ ಆಗುತ್ತಿತ್ತು ಎಂದು ಲೆಕ್ಕ ತೋರಿಸುವುದು. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಈ ಕಸುಬಿನ ಅಂತರರಾಷ್ಟ್ರೀಯ ಸಂಘಟನೆಗಳೇ ಈ ಅಳತೆಗೆ ಬೆಲೆಯಿಲ್ಲ ಎಂದು ಒಪ್ಪಿಕೊಂಡಿವೆ. ಅಷ್ಟು ಪೀಸ್ ಅಳೆದೆ ಎಂದು ಕ್ವಾಲಿಟಿಯವನು ಹೇಳಿದರೆ ಯಾರಿಗೇನು? ಎಷ್ಟು ದೋಷ ಹೊರಗೆ ಹೋಗದಂತೆ ತಡೆದೆ ಎಂಬುದು ಲೆಕ್ಕ. ಹೊಸ ನಿಯಮ ಎಷ್ಟು ಜನರಿಗೆ ಸರಿಯಾಗಿ ತಿಳಿಯಿತು, ಎಷ್ಟು ಜನ ಕೆಲಸ ಬಿಡುವುದು ನಿಂತಿತು, ಗಿರಾಕಿಗಳ ದೂರು ಎಷ್ಟು ಇಳಿಯಿತು ಎಂಬುದನ್ನು ತೋರಿಸಬೇಕು.

ಈಗ ಕಾನೂನೂ ಇವರ ಕಡೆಗೆ ವಾಲಿದೆ. ಲಿಸ್ಟೆಡ್ ಕಂಪನಿಗಳಿಗೆ ಸೆಬಿಯ ನಿಯಮ 2023ರಿಂದ ಬಿಗಿಯಾಯಿತು. ಕಂಪನಿಯ ಒಳಗಿಂದ ಹುಟ್ಟಿದ ಮಹತ್ವದ ಸಂಗತಿಯನ್ನು 12 ಗಂಟೆಯೊಳಗೆ, ಹೊರಗಿಂದ ಬಂದದ್ದನ್ನು 24 ಗಂಟೆಯೊಳಗೆ ಷೇರು ಪೇಟೆಗೆ ತಿಳಿಸಬೇಕು. ದೊಡ್ಡ ಕಂಪನಿಗಳು ಮಾಧ್ಯಮದಲ್ಲಿ ಬಂದ ಗಾಳಿಸುದ್ದಿಯನ್ನು ಕೂಡ ನಿಜವೋ ಸುಳ್ಳೋ ಹೇಳಬೇಕು. 2024ರ ಜೂನ್‌ನಿಂದ ಮೊದಲ 100 ಕಂಪನಿಗಳಿಗೆ, ಡಿಸೆಂಬರ್‌ನಿಂದ ಮೊದಲ 250 ಕಂಪನಿಗಳಿಗೆ ಇದು ಕಡ್ಡಾಯ. ಗಡಿಯಾರ ಓಡುತ್ತಿರುವಾಗ "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಎಂದು ಕೂತರೆ ಆಗದು. ಮೀಟಿಂಗಿನ ಒಳಗೇ ಮಾತು ಬಲ್ಲವನು ಇರಬೇಕು. ಒಳ್ಳೆಯ ಕಮ್ಯುನಿಕೇಶನ್ಸ್ ಮುಖ್ಯಸ್ಥರು ಕಾನೂನು ಮತ್ತು ಫೈನಾನ್ಸ್‌ನವರನ್ನು ಮೊದಲೇ ಜೊತೆ ಮಾಡಿಕೊಳ್ಳುವುದು ಇದಕ್ಕೇ.

ಮೌನದ ಬೆಲೆ ಎಷ್ಟು ಎಂಬುದಕ್ಕೆ ಅಂಗಡಿಯವರಿಗೆಲ್ಲ ನೆನಪಿರುವ ಒಂದು ಉದಾಹರಣೆ ಮ್ಯಾಗಿ. 2015ರಲ್ಲಿ ಉತ್ತರ ಪ್ರದೇಶದಿಂದ ಸೀಸದ ಸುದ್ದಿ ಹೊರಟಾಗ ನೆಸ್ಲೆ ಕಂಪನಿ ನಮ್ಮ ಮಾಲು ಸುರಕ್ಷಿತ ಎಂಬ ಒಂದೇ ಮಾತಿಗೆ ಅಂಟಿಕೊಂಡಿತು. ಗಿರಾಕಿಗಳು ಅಂಗಡಿಯವರನ್ನು ಕೇಳುತ್ತಿದ್ದರು, ಅಂಗಡಿಯವರಲ್ಲಿ ಉತ್ತರ ಇರಲಿಲ್ಲ. ಜೂನ್ 5ಕ್ಕೆ ಸ್ವಿಟ್ಜರ್ಲೆಂಡಿನ ಮುಖ್ಯಸ್ಥ ಪೌಲ್ ಬುಲ್ಕೆ ದಿಲ್ಲಿಗೆ ಬಂದು ಪತ್ರಕರ್ತರೆದುರು ಕೂತ ಹೊತ್ತಿಗೆ ಮ್ಯಾಗಿ ಕಪಾಟಿನಿಂದ ಇಳಿಯುತ್ತಿತ್ತು. ಆಗಸ್ಟ್ 13ಕ್ಕೆ ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿತು. ಹೊಸ ಪರೀಕ್ಷೆಗಳು ಮುಗಿದು, ನಮ್ಮ ನಂಜನಗೂಡಿನ ಕಾರ್ಖಾನೆಯೂ ಸೇರಿ ಕೆಲವು ಕಡೆ ತಯಾರಿ ಮತ್ತೆ ಶುರುವಾಗಿ, ನವೆಂಬರ್ 9ಕ್ಕೆ ಅಂಗಡಿಗೆ ಬಂತು. ಕೋರ್ಟಿನಲ್ಲಿ ಗೆಲ್ಲಬಹುದಾದ ಕಂಪನಿ ಅದಕ್ಕೂ ಮೊದಲು ಜನರೆದುರು ಸೋತಿತ್ತು.

ಇನ್ನು ಮೌನವೇ ಇಲ್ಲದ ಮುಖ್ಯಸ್ಥರ ಕಥೆ ನಮ್ಮ ಕೃಷ್ಣಗಿರಿಗೆ ಸೇರಿದ್ದು. ಪೋಚಂಪಳ್ಳಿಯ ಓಲಾ ಎಲೆಕ್ಟ್ರಿಕ್ ಕಾರ್ಖಾನೆಯನ್ನು ಮಹಿಳೆಯರೇ ನಡೆಸುತ್ತಾರೆ, 10,000 ಮಹಿಳೆಯರಿಗೆ ಕೆಲಸ ಎಂದು 2021ರಲ್ಲಿ ಘೋಷಿಸಿದಾಗ ಈ ಭಾಗದಲ್ಲಿ ಒಳ್ಳೆಯ ಹೆಸರು ಬಂತು. 2024ರ ಅಕ್ಟೋಬರ್ 6ರಂದು ಹಾಸ್ಯಗಾರ ಕುನಾಲ್ ಕಾಮ್ರಾ ಸರ್ವಿಸ್ ಸೆಂಟರ್ ಮುಂದೆ ಸಾಲಾಗಿ ನಿಂತ ಸ್ಕೂಟರ್‌ಗಳ ಫೋಟೊ ಹಾಕಿ ಪ್ರಶ್ನೆ ಕೇಳಿದರು. ಓಲಾದ ಭವಿಶ್ ಅಗರ್‌ವಾಲ್ ತಾವೇ ಹಂಗಿಸಿ ಉತ್ತರ ಬರೆದರು. ಮರುದಿನ ಕಂಪನಿಯ ಷೇರು ಶೇಕಡಾ 8ಕ್ಕೂ ಹೆಚ್ಚು ಬಿತ್ತು. ಅದೇ ವಾರ ಗ್ರಾಹಕ ರಕ್ಷಣಾ ಪ್ರಾಧಿಕಾರದ ನೋಟಿಸೂ ಬಂತು. ಅದರ ಹಿಂದೆ ಒಂದು ವರ್ಷದ 10,000ಕ್ಕೂ ಹೆಚ್ಚು ದೂರುಗಳಿದ್ದವು. ಸ್ಕೂಟರ್ ರಿಪೇರಿಯಾಗದೆ ನಿಂತವನಿಗೆ ಬೇಕಾದದ್ದು ತಾರೀಖು. ಅವನಿಗೆ ಸಿಕ್ಕಿದ್ದು ಜಗಳ. ಕೋಪದಲ್ಲಿ ಟೈಪ್ ಮಾಡುವ ಎಂಡಿಗೆ "ಹತ್ತು ನಿಮಿಷ ತಡೆಯಿರಿ" ಎಂದು ಹೇಳುವ ಧೈರ್ಯದ ಒಬ್ಬ ಮನುಷ್ಯನ ಸಂಬಳ ಆ ಒಂದು ದಿನದ ನಷ್ಟದ ಮುಂದೆ ಎಷ್ಟು?

ಕೆಲವರು ಹೇಳುತ್ತಾರೆ, ಇದೆಲ್ಲ ಬರೆಯಲು ಚಂದ, ಮುಖಕ್ಕೆ ಹೇಳಿದರೆ ಮರುದಿನ ಕೆಲಸ ಇರುವುದಿಲ್ಲ, ಬಾಲ್ ಬಚ್ಚಾ ಇರುವವರು ಹೊಗಳಿಕೊಂಡೇ ಇರುವುದು ಕ್ಷೇಮ ಎಂದು. ಈ ಮಾತನ್ನು ಹಗುರ ಮಾಡುವುದಿಲ್ಲ. ಕಹಿ ಕೇಳದ ಎಂಡಿಗಳಿದ್ದಾರೆ. ಆದರೆ ಹೊಗಳಿ ಪಡೆದ ಜಾಗ ಆ ಎಂಡಿ ಇರುವವರೆಗೆ ಮಾತ್ರ. ಹೊಸಬ ಬಂದ ದಿನ ಹಳೆಯವನ ಹೂಮಾಲೆಯ ಜೊತೆ ಮಾಲೆ ಕಟ್ಟಿದವನೂ ಹೊರಗೆ. ಹೇಳುವುದಕ್ಕೂ ರೀತಿಯಿದೆ. ನಾಲ್ಕು ಜನರೆದುರು ಬೇಡ, ಬಾಗಿಲು ಮುಚ್ಚಿ ಹೇಳಿ. ಬಾಯಿಮಾತಿನ ಜೊತೆ ಒಂದು ಪುಟದ ಟಿಪ್ಪಣಿ ಕೊಡಿ. ತೀರ್ಮಾನಕ್ಕೆ ಮೊದಲು ಹೇಳಿ, ಆದ ಮೇಲೆ "ನಾನು ಅವತ್ತೇ ಹೇಳಿದ್ದೆ" ಅನ್ನಬೇಡಿ. ಸಣ್ಣ ವಿಷಯಗಳಲ್ಲಿ ನಿಮ್ಮ ಮಾತು ಸರಿಯಾಗುತ್ತ ಬಂದರೆ ದೊಡ್ಡದಕ್ಕೆ ಕಿವಿ ತೆರೆಯುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮೇಲಿನವರ ಕಿವಿ ಸಿಕ್ಕಿದ ಮೇಲೆ ಆ ಪ್ರಭಾವವನ್ನು ಯಾರಿಗಾಗಿ ಬಳಸುತ್ತಾರೆ? ತಪ್ಪು ಮುಚ್ಚಲು, ಪತ್ರಕರ್ತರ ಬಾಯಿ ಕಟ್ಟಲು ಬಳಸಿದವರೂ ಇದ್ದಾರೆ. ನಿಜ. 2024ರ ಸೆಪ್ಟೆಂಬರ್ 28ರ ಬೆಳಿಗ್ಗೆ ಹೊಸೂರು ಬಳಿಯ ಟಾಟಾ ಎಲೆಕ್ಟ್ರಾನಿಕ್ಸ್‌ನಲ್ಲಿ ಬೆಂಕಿ ಬಿದ್ದು ದಟ್ಟ ಹೊಗೆ ಎದ್ದಾಗ ನಮ್ಮಲ್ಲಿ ಎಷ್ಟೋ ಜನರಿಗೆ ಮನೆಯಿಂದ ಫೋನ್ ಬಂತು. ಆ ಕಾರ್ಖಾನೆಯಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು, ಅವರ ತಂದೆ ತಾಯಿ ದೂರದ ಊರುಗಳಲ್ಲಿ. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ಉದ್ಯೋಗಿಗಳೆಲ್ಲ ಸುರಕ್ಷಿತ, ಕಾರಣ ತನಿಖೆಯಲ್ಲಿದೆ ಎಂದು ಕಂಪನಿ ಅದೇ ದಿನ ಹೇಳಿತು. ಆ ಹೊತ್ತಿನಲ್ಲಿ ಹೂವಿನಂಥ ವಾಕ್ಯ ಯಾರಿಗೂ ಬೇಡ. ಮಗಳು ಎಲ್ಲಿದ್ದಾಳೆ ಎಂಬ ಉತ್ತರ ಅವರವರ ಭಾಷೆಯಲ್ಲಿ ಬೇಕು. ಕಮ್ಯುನಿಕೇಶನ್ಸ್‌ನವರ ಪ್ರಭಾವ ಯಾರಿಗಾಗಿ ಎಂದು ಕೇಳಿದರೆ ನನ್ನ ಉತ್ತರ ಆ ತಂದೆ ತಾಯಿಯರು. ಕೆಳಗಿನವರ ನಂಬಿಕೆ ಕಳೆದುಕೊಂಡವನಿಗೆ ಮೇಲೆ ಒಯ್ಯಲು ಸುದ್ದಿಯೇ ಇರುವುದಿಲ್ಲ, ಆದ್ದರಿಂದ ಇದು ಅವನ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ಕಂಪನಿ ನಡೆಸುವವರಿಗೆ ಒಂದು ಮಾತು. ಈ ವಿಭಾಗವನ್ನು ಎಚ್‌ಆರ್‌ನ ಅಥವಾ ಮಾರ್ಕೆಟಿಂಗ್‌ನ ಮೂಲೆಯಲ್ಲಿಟ್ಟು, ಮೂರು ಸಹಿ ದಾಟಿ ನಿಮಗೆ ಸುದ್ದಿ ಮುಟ್ಟುವಂತೆ ಮಾಡಿದರೆ ಮುಟ್ಟುವುದು ಸಕ್ಕರೆ ಪಾಕ ಮಾತ್ರ. ಅವರು ನೇರ ನಿಮಗೇ ವರದಿ ಮಾಡಲಿ. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೂರಿಸಬೇಡಿ, ವಾರಕ್ಕೆರಡು ದಿನ ಕಾರ್ಖಾನೆಯಲ್ಲಿ ಇರಲಿ. ದೋಷ ಕಂಡ ಆಪರೇಟರ್‌ಗೆ ಲೈನ್ ನಿಲ್ಲಿಸುವ ಹಗ್ಗ ಕೊಟ್ಟಿದ್ದೀರಿ, ತಪ್ಪು ನೋಟಿಸನ್ನು ಒಂದು ದಿನ ತಡೆಯುವ ಹಕ್ಕನ್ನು ಇವರಿಗೂ ಕೊಡಿ.

ನಮ್ಮ ಮಕ್ಕಳಿಗೆ ಕೊನೆಯದಾಗಿ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಗೆ ಬರುವವರೊಂದಿಗೆ ಮಲಯಾಳ, ಹಿಂದಿ ಎಲ್ಲ ಆಡಿ ಬೆಳೆದವರು ನೀವು. ಗಿರಾಕಿಯ ಮುಖ ನೋಡಿ ಮಾತು ಬದಲಾಯಿಸುವುದು ನಮಗೆ ಯಾರೂ ಕಲಿಸಿದ್ದಲ್ಲ. ದೊಡ್ಡ ಕಾಲೇಜಿನ ಇಂಗ್ಲಿಷ್ ಇಲ್ಲ ಎಂದು ಕುಗ್ಗಬೇಡಿ. ಇಂಗ್ಲಿಷ್ ಬರೆಯುವವರು ಕಂಪನಿಯಲ್ಲಿ ಬೇಕಾದಷ್ಟು ಇದ್ದಾರೆ. ಬ್ಯಾಲೆನ್ಸ್ ಶೀಟ್ ಓದುವುದನ್ನು ಒಂದು ವರ್ಷದಲ್ಲಿ ಕಲಿಯಿರಿ, ತಮಿಳು ಆರು ತಿಂಗಳಲ್ಲಿ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಎರಡನೇ ಪಾಳಿಯ ಕ್ಯಾಂಟೀನಿನಲ್ಲಿ ಒಂದು ತಟ್ಟೆ ಊಟ ಹಾಕಿಸಿಕೊಂಡು ಕೂತುಕೊಳ್ಳಿ. ಲ್ಯಾಪ್‌ಟಾಪ್ ಬೇಡ, ಪೆನ್ನು ಸಾಕು.